ಬಾವಿ ನೀರಿನ ಲೆಕ್ಕಕ್ಕೆ ಯಾವ ಭಾಷೆ?

ಮಾರ್ಚ್ ಎಂಡ್ ಗಲಾಟೆ, ಅದರ ಬೆನ್ನಿಗೇ ಆಡಿಟ್... ಎರಡು ತಿಂಗಳಿಂದ ಇಲ್ಲಿ ಏನೂ ಬರೆಯಲಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಈ ಸಲದ ವಿಷಯ ನೋಡಿ "ಇವನಿಗೆ ಏನಾಯ್ತು ಮಾರಾಯ್ರೆ" ಅಂತ ನಗಬೇಡಿ ಕೂಡ. ಬಿ.ಕಾಂ. ಓದಿ, ಉಡುಪಿ ಕಡೆಯಿಂದ ಮುಂಬಯಿಗೆ ಬಂದು, ಮೂವತ್ತು ವರ್ಷದಿಂದ ಡೊಂಬಿವಲಿ ಲೋಕಲ್‌ನಲ್ಲಿ ನೇತಾಡುತ್ತಿರುವ ಬ್ಯಾಂಕಿನವನಿಗೂ ಕಂಪ್ಯೂಟರ್ ಭಾಷೆಗಳ ಚರಿತ್ರೆಗೂ ಏನು ಸಂಬಂಧ ಅಂತ ನನ್ನ ಹೆಂಡತಿಯೂ ಕೇಳಿದಳು.

ಸಂಬಂಧ ತಂದವಳು ತಂಗಿಯ ಮಗಳು. ಪುಣೆಯಲ್ಲಿ ಅಂತರ್ಜಲದ ಬಗ್ಗೆ ಸಂಶೋಧನೆ ಮಾಡುತ್ತಿದ್ದಾಳೆ. ಪಾವಗಡ ಕಡೆಯ ಬಾವಿ, ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅನ್ನೋದು ಅವಳ ವಿಷಯ. ಒಂದು ಭಾನುವಾರ ಫೋನ್ ಮಾಡಿದಳು.

"ಮಾವ, ನಮ್ಮ ಗೈಡ್ ಹತ್ರ ಒಂದು ಹಳೇ ಫೋರ್‌ಟ್ರಾನ್ ಪ್ರೋಗ್ರಾಂ ಇದೆ. ಲ್ಯಾಬಲ್ಲಿ ಒಬ್ಬ ಜೂಲಿಯಾ ಕಲಿ ಅಂತಾನೆ, ಇನ್ನೊಬ್ಬಳು ಪೈಥಾನ್ ಅಂತಾಳೆ. ಸೀನಿಯರ್ ಒಬ್ರು ಆರ್ ಬಿಟ್ಟು ಬೇರೆ ಮುಟ್ಟಬೇಡ ಅಂತಾರೆ. ಯಾವುದನ್ನ ಹಿಡೀಲಿ?"

"ನನ್ನನ್ನ ಯಾಕೆ ಕೇಳ್ತೀಯಾ ಪುಟ್ಟಿ?"

"ನೀವು ಮೊದಲು ಬ್ಯಾಂಕಲ್ಲಿ ಪ್ರೋಗ್ರಾಂ ಬರೆದಿದ್ರಿ ಅಂತ ಅಮ್ಮ ಯಾವಾಗ್ಲೂ ಹೇಳ್ತಾರಲ್ಲ."

ಅಮ್ಮ ಹೇಳುವುದು ಅರ್ಧ ಕಥೆ. ಉಳಿದರ್ಧ ನಾನು ಹೇಳಬೇಕು. 1993ರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಮ್ಮ ಬ್ರಾಂಚಿಗೆ ಬಂದ ಕಂಪ್ಯೂಟರಿನಲ್ಲಿ ಫಾಕ್ಸ್‌ಪ್ರೊ ಕಲಿತು, ಉಳಿತಾಯ ಖಾತೆಯ ಬಡ್ಡಿ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆದೆ. ಆಗಿನ ಲೆಕ್ಕ ನೆನಪಿದೆಯಲ್ಲ, ತಿಂಗಳ 10ನೇ ತಾರೀಕಿಂದ ಕೊನೆಯ ದಿನದವರೆಗಿನ ಕನಿಷ್ಠ ಬಾಕಿಗೆ ಬಡ್ಡಿ. (ದಿನದ ಬಾಕಿಯ ಮೇಲೆ ಬಡ್ಡಿ ಬಂದದ್ದು 2010ರ ಏಪ್ರಿಲ್ 1ರಿಂದ.) ಮ್ಯಾನೇಜರ್ ಬೆನ್ನು ತಟ್ಟಿದರು, ನಾನು ಆಕಾಶದಲ್ಲಿ ತೇಲಿದೆ. ಆಮೇಲೆ ನನಗೆ ವರ್ಗವಾಯಿತು. 1999ರಲ್ಲಿ ಆ ಬ್ರಾಂಚಿನಿಂದ ಫೋನ್: "ಸಾರ್, ಇಸವಿಗೆ ಎರಡೇ ಅಂಕಿ ಇಟ್ಟಿದ್ದೀರಿ, ಜನವರಿಯಲ್ಲಿ ಏನಾಗುತ್ತೆ?" ಹೋಗಿ ನೋಡಿದರೆ ನಾನು ಬರೆದದ್ದು ನನಗೇ ಅರ್ಥವಾಗಲಿಲ್ಲ. ಎ1, ಎ2, ಬಿಬಿ ಅಂತ ಹೆಸರುಗಳು, ಒಂದು ಸಾಲು ವಿವರಣೆ ಇಲ್ಲ. ಇಡೀ ಪ್ರೋಗ್ರಾಂ ಎಸೆದು ಎರಡು ತಿಂಗಳು ಕೈಯಲ್ಲೇ ಲೆಕ್ಕ ಮಾಡಿದರು ಪಾಪ.

ಇಂಥವನನ್ನು ಸಲಹೆ ಕೇಳಿದಳು ನೋಡಿ! ಆದರೆ ಕೇಳಿದ ಮೇಲೆ ಬಿಡಲಾಗಲಿಲ್ಲ, ಒಂದಷ್ಟು ದಿನ ಇದರ ಚರಿತ್ರೆ ಓದಿದೆ. ನಮ್ಮ ಬ್ಯಾಂಕಿನ ಕಥೆಗಿಂತ ಸ್ವಾರಸ್ಯವಾಗಿದೆ.

ಮೊದಲು ಈ ಲೆಕ್ಕ ಏನು ಅಂತ ಹೇಳಬೇಕು. ಮುಂಬಯಿಯವರಿಗೆ ಸುಲಭವಾಗಿ ಹೇಳಬಹುದು. 2005ರ ಜುಲೈ 26 ಯಾರು ಮರೆತಾರು? ಆ ಒಂದು ದಿನದಲ್ಲಿ ಸಾಂತಾಕ್ರೂಜ್ ಮಾಪಕದಲ್ಲಿ 944 ಮಿಲಿಮೀಟರ್ ಮಳೆ. ಕೊಲಾಬಾದಲ್ಲಿ ಬರೀ 73. ಎರಡೂ ಒಂದೇ ಊರು! ಹಾಗಾದರೆ ನಡುವಿನ ದಾದರಿನಲ್ಲಿ ಎಷ್ಟು ಬಿತ್ತು? ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಆಯಿತೇ? ಸಾಂತಾಕ್ರೂಜ್‌ಗೆ ಎಷ್ಟು ತೂಕ ಕೊಡಬೇಕು, ಕೊಲಾಬಾಕ್ಕೆ ಎಷ್ಟು? ಅದಕ್ಕಿಂತ ದೊಡ್ಡ ಪ್ರಶ್ನೆ, ನಮ್ಮ ಅಂದಾಜು ಎಷ್ಟು ತಪ್ಪಿರಬಹುದು? ಅಳತೆ ಇರುವ ಜಾಗಗಳಿಂದ ಅಳತೆ ಇಲ್ಲದ ಜಾಗಕ್ಕೆ ಅಂದಾಜು ಹೇಳಿ, ಆ ಅಂದಾಜಿನ ನಂಬಿಕೆಯನ್ನೂ ಹೇಳುವುದೇ ಜಿಯೋಸ್ಟಾಟಿಸ್ಟಿಕ್ಸ್.

ಇದು ಹುಟ್ಟಿದ್ದು ಚಿನ್ನದ ಗಣಿಯಲ್ಲಿ. ನಮ್ಮ ಕೋಲಾರದ ಹಾಗೆ ಆಳದ ಗಣಿಗಳಿರುವ ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್‌ನಲ್ಲಿ ಡ್ಯಾನಿ ಕ್ರಿಗೆ ಅನ್ನುವ ಎಂಜಿನಿಯರ್ (1919-2013) ಒಂದು ವಿಚಿತ್ರ ಗಮನಿಸಿದರು. ಅಂಚಿನಿಂದ ತೆಗೆದ ಮಾದರಿಗಳಲ್ಲಿ ಚಿನ್ನ ಜಾಸ್ತಿ ಕಂಡ ಬ್ಲಾಕ್‌ಗಳನ್ನು ಅಗೆದರೆ ಲೆಕ್ಕಕ್ಕಿಂತ ಕಡಿಮೆ ಸಿಗುತ್ತದೆ. ಕಡಿಮೆ ಕಂಡಲ್ಲಿ ಸ್ವಲ್ಪ ಜಾಸ್ತಿ. ಮಾರ್ಚ್ 31ರ ಡೆಪಾಸಿಟ್ ನೋಡಿ ಬ್ರಾಂಚಿನ ಆರೋಗ್ಯ ಹೇಳಿದ ಹಾಗೆ! ಸುತ್ತಲಿನ ಮಾಹಿತಿಯನ್ನೂ ತೂಕ ಹಾಕಿ ಸೇರಿಸಿಕೊಳ್ಳಬೇಕು ಅಂತ ಅವರು 1951ರಲ್ಲಿ ಬರೆದರು. ಫ್ರಾನ್ಸಿನ ಜಾರ್ಜ್ ಮಾಥರಾನ್ ಇದಕ್ಕೆ ಗಣಿತದ ಅಡಿಪಾಯ ಹಾಕಿದರು. ಫಾಂಟೆನ್‌ಬ್ಲೋ ಎಂಬಲ್ಲಿ 1968ರಲ್ಲಿ ಇದಕ್ಕೇ ಒಂದು ಕೇಂದ್ರ ಶುರುವಾಯಿತು. ಕ್ರಿಗೆಯ ಹೆಸರಲ್ಲೇ ಈ ಲೆಕ್ಕಕ್ಕೆ 'ಕ್ರಿಗಿಂಗ್' ಅಂತ ಹೆಸರು ನಿಂತಿತು.

ಲೆಕ್ಕದ ಒಳಗೆ ಇಣುಕಿದರೆ ಭಾಷೆಯ ಜಗಳ ಯಾಕೆ ಅಂತ ಗೊತ್ತಾಗುತ್ತದೆ. ಎರಡು ಬಾವಿಗಳ ದೂರ ಹೆಚ್ಚಿದಂತೆ ಅವುಗಳ ನೀರಿನ ವ್ಯತ್ಯಾಸ ಹೇಗೆ ಹೆಚ್ಚುತ್ತದೆ ಅಂತ ಮೊದಲು ಒಂದು ಗೆರೆ ಎಳೆಯಬೇಕು. ಅದಕ್ಕೆ ವೇರಿಯೊಗ್ರಾಂ ಅನ್ನುತ್ತಾರೆ. ಆಮೇಲೆ ಪ್ರತಿ ಬಾವಿಯ ತೂಕ ಕಂಡುಹಿಡಿಯಲು ಬಾವಿಗೊಂದರಂತೆ ಸಮೀಕರಣ. 155 ಬಿಂದುಗಳಿದ್ದರೆ 155 ಸಾಲು, 155 ಕಂಬಗಳ ಕೋಷ್ಟಕ, ಅಂದರೆ 24,025 ಮನೆ. ಹತ್ತು ಸಾವಿರ ಬಿಂದುಗಳಾದರೆ ಹತ್ತು ಕೋಟಿ ಮನೆ, ಅದನ್ನು ಇಡಲಿಕ್ಕೇ 800 ಎಂಬಿ ಮೆಮರಿ ಬೇಕು. ಬಿಂದುಗಳು ಹತ್ತು ಪಟ್ಟಾದರೆ ಬಿಡಿಸುವ ಕೆಲಸ ಸುಮಾರು ಸಾವಿರ ಪಟ್ಟು! ಅದಕ್ಕೇ ಹತ್ತಿರದ ಒಂದಿಪ್ಪತ್ತು ಮೂವತ್ತು ಬಿಂದುಗಳನ್ನು ಮಾತ್ರ ಹಿಡಿದು ಚಿಕ್ಕ ಲೆಕ್ಕ ಮಾಡುತ್ತಾರೆ. ಆದರೆ ನಕ್ಷೆಯಲ್ಲಿ ಸಾವಿರಕ್ಕೆ ಸಾವಿರ ಚೌಕಗಳಿದ್ದರೆ ಆ ಚಿಕ್ಕ ಲೆಕ್ಕವನ್ನೇ ಹತ್ತು ಲಕ್ಷ ಸಲ ಮಾಡಬೇಕು. ನಿಧಾನದ ಭಾಷೆಯಲ್ಲಿ ಬರೆದರೆ ರಾತ್ರಿಯಿಡೀ ಕಾಯಬೇಕು.

ಹಾಗಾಗಿ ಹಳಬರೆಲ್ಲ ಹಿಡಿದದ್ದು ಫೋರ್‌ಟ್ರಾನ್. ಐಬಿಎಂನ ಜಾನ್ ಬ್ಯಾಕಸ್ ತಂಡ 1957ರಲ್ಲಿ ಹೊರತಂದ ಭಾಷೆ, ಗಣಿತಕ್ಕಾಗಿಯೇ ಹುಟ್ಟಿದ್ದು. ಬ್ಯಾಂಕಿಗೆ ಕೋಬಾಲ್ ಹೇಗೋ ಎಂಜಿನಿಯರಿಗೆ ಫೋರ್‌ಟ್ರಾನ್ ಹಾಗೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅದೇ ಇಪಿಎ, 1980ರ ದಶಕದ ಕೊನೆಗೆ ಡಾಸ್ ಕಂಪ್ಯೂಟರಿಗೆ 'ಜಿಯೋ-ಈಎಎಸ್' ಅನ್ನುವ ಪ್ರೋಗ್ರಾಂ ಮಾಡಿ ಪುಕ್ಕಟೆ ಹಂಚಿತು. ಮಣ್ಣಿನ ಮಾಲಿನ್ಯ ಅಳೆಯುವವರಿಗೆ ಅಂತ. ಅದೂ ಫೋರ್‌ಟ್ರಾನೇ. ಆ ಪ್ರೋಗ್ರಾಂ ಈಗ ಯಾರಿಗೂ ಬೇಡ. ಆದರೆ ಅದರ ಫೈಲ್ ಬರೆಯುವ ಕ್ರಮ ಬದುಕಿದೆ: ಮೊದಲ ಸಾಲಿನಲ್ಲಿ ಶೀರ್ಷಿಕೆ, ಎರಡನೆಯದರಲ್ಲಿ ಎಷ್ಟು ಕಾಲಂ, ಆಮೇಲೆ ಕಾಲಂಗಳ ಹೆಸರು ಒಂದೊಂದು ಸಾಲಿಗೆ, ಕೆಳಗೆ ಅಂಕಿಗಳು. ನೋಟ್‌ಪ್ಯಾಡಿನಲ್ಲಿ ತೆರೆದರೆ ನನ್ನಂಥವನಿಗೂ ಓದಲಿಕ್ಕೆ ಬರುತ್ತದೆ. ಪ್ರೋಗ್ರಾಂ ಸತ್ತರೂ ಲೆಡ್ಜರ್ ಉಳಿಯಿತು ಅನ್ನಿ.

1992ರಲ್ಲಿ ಬಂತು 'ಜಿಎಸ್‌ಲಿಬ್'. ಫಾಂಟೆನ್‌ಬ್ಲೋ ಬಿಟ್ಟು ಸ್ಟಾನ್‌ಫರ್ಡ್ ಸೇರಿದ್ದ ಆಂದ್ರೆ ಜೂರ್ನೆಲ್ ಮತ್ತು ಅವರ ಶಿಷ್ಯ ಕ್ಲೇಟನ್ ಡಾಯ್ಚ್ ಬರೆದ ಪುಸ್ತಕ, ಜೊತೆಗೆ ಡಿಸ್ಕೆಟ್‌ನಲ್ಲಿ ಪೂರ್ತಿ ಸೋರ್ಸ್ ಕೋಡ್. ನಕಲು ಮಾಡಿ, ತಿದ್ದಿ, ಹಂಚಿ, ನಮ್ಮ ಸೂಚನೆಯ ಸಾಲುಗಳನ್ನು ಮಾತ್ರ ತೆಗೆಯಬೇಡಿ ಅನ್ನುವುದು ಷರತ್ತು. ಎಲ್ಲ ಫೋರ್‌ಟ್ರಾನ್ 77. ಆ ಭಾಷೆಯಲ್ಲಿ ಹೆಸರುಗಳು ಆರು ಅಕ್ಷರ ದಾಟಬಾರದು, ಸಾಲು 72ನೇ ಕಂಬ ದಾಟಬಾರದು. ಎಷ್ಟು ಬಿಂದು ಅಂತ ಮೊದಲೇ ಬೇರೆ ಫೈಲಿನಲ್ಲಿ ಬರೆದಿಡಬೇಕು. ಬಿಂದು ಜಾಸ್ತಿಯಾದರೆ ಆ ಅಂಕಿ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಹಳೇ ಲೆಡ್ಜರ್ ಪುಸ್ತಕದ ಹಾಗೆ, ಪುಟ ಮುಗಿದರೆ ಹೊಸ ಪುಸ್ತಕ ಹೊಲಿಸಿ! ಆದರೂ ಇಡೀ ಜಗತ್ತಿನ ಪೆಟ್ರೋಲಿಯಂ, ಗಣಿ ಎಂಜಿನಿಯರುಗಳು ಇದರಲ್ಲೇ ಕಲಿತರು. ಯಾಕೆಂದರೆ ಪುಸ್ತಕದ ಸಮೀಕರಣ ಒಂದು ಪುಟದಲ್ಲಿ, ಅದನ್ನು ಮಾಡುವ ಕೋಡ್ ಕೈಯಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬಹುದಿತ್ತು. ಸೊಸೆಯಾಗಬೇಕಾದ ನಮ್ಮ ಹುಡುಗಿಯ ಗೈಡ್ ಹತ್ತಿರ ಇರುವುದೂ ಇದರ ಮೊಮ್ಮಗುವೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 'ಜಿಸ್ಟಾಟ್' ಕಥೆ. ನೆದರ್ಲ್ಯಾಂಡ್ಸ್‌ನ ಎಡ್ಜರ್ ಪೆಬೆಸ್ಮಾ 1990ರ ದಶಕದಲ್ಲಿ ಇದನ್ನು ಬರೆದದ್ದು ಸಿ ಭಾಷೆಯಲ್ಲಿ. ಬೆಲ್ ಲ್ಯಾಬ್ಸ್‌ನ ಡೆನ್ನಿಸ್ ರಿಚಿ 1972ರ ಹೊತ್ತಿಗೆ ಮಾಡಿದ ಸಿ ಆಗ ಎಲ್ಲ ಕಂಪ್ಯೂಟರಿನಲ್ಲೂ ಓಡುತ್ತಿತ್ತು, ಮೆಮರಿಯನ್ನು ಬೇಕಾದಾಗ ಬೇಕಾದಷ್ಟು ತೆಗೆದುಕೊಳ್ಳಬಹುದಿತ್ತು. ಜಿಎನ್‌ಯು ಲೈಸೆನ್ಸ್ ಕೊಟ್ಟು ಎಲ್ಲರಿಗೂ ಬಿಟ್ಟರು. 1998ರಲ್ಲಿ ಪೆಬೆಸ್ಮಾ ಮತ್ತು ವೆಸ್ಸೆಲಿಂಗ್ ಇದರ ಬಗ್ಗೆ ಲೇಖನ ಪ್ರಕಟಿಸಿದರು. ಆದರೆ ಸ್ವತಂತ್ರ ಪ್ರೋಗ್ರಾಂ ಅಂದರೆ ಬೇರೆ ಮನೆ ಮಾಡಿದ ಹಾಗೆ, ಒಲೆಯಿಂದ ಚಾಪೆಯವರೆಗೆ ಎಲ್ಲ ನಾವೇ ತರಬೇಕು. ನಾನಾ ಬಗೆಯ ನಕ್ಷೆ ಫೈಲ್ ಓದುವುದು, ಆದೇಶಗಳಿಗೆ ತನ್ನದೇ ಒಂದು ಪುಟ್ಟ ಭಾಷೆ, ಗೆರೆ ಎಳೆಯಲು ಗ್ನುಪ್ಲಾಟ್ ಸಹಾಯ, ಕೋಷ್ಟಕ ಬಿಡಿಸಲು ಮೆಷಾಕ್ ಅನ್ನುವ ಆಸ್ಟ್ರೇಲಿಯಾದ ಲೈಬ್ರರಿ. ಕ್ರಿಗಿಂಗ್ ಲೆಕ್ಕಕ್ಕಿಂತ ಈ ಸಂಸಾರವೇ ದೊಡ್ಡದು.

ಅಷ್ಟರಲ್ಲಿ 'ಆರ್' ಬಂದಿತ್ತು. ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಜೊತೆಗಾರರು 1976ರಲ್ಲಿ ಶುರು ಮಾಡಿದ 'ಎಸ್' ಎಂಬ ಅಂಕಿಅಂಶ ಭಾಷೆಯ ದಾರಿ ಹಿಡಿದು, ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಮಾಡಿದ್ದು. ಇಬ್ಬರ ಹೆಸರಿನ ಮೊದಲಕ್ಷರವೂ ಆರ್! 1995ರಲ್ಲಿ ಮುಕ್ತವಾಯಿತು, 2000ದ ಫೆಬ್ರವರಿ 29ಕ್ಕೆ ಮೊದಲ ಪೂರ್ಣ ಆವೃತ್ತಿ. (ನಾವು ವೈಟುಕೆ ಭಯ ಮುಗಿಸಿ ಉಸಿರು ಬಿಡುತ್ತಿದ್ದ ಕಾಲ.) ಪೆಬೆಸ್ಮಾ ಆಗ ಮಾಡಿದ್ದನ್ನು ನನ್ನಂಥ ಅಹಂಕಾರಿ ಮಾಡುತ್ತಿರಲಿಲ್ಲ. ತನ್ನ ಸ್ವಂತ ಮನೆ ಬಿಟ್ಟು, ಒಳಗಿನ ಸಿ ಲೆಕ್ಕ ಮಾತ್ರ ಉಳಿಸಿಕೊಂಡು, ಜಿಸ್ಟಾಟನ್ನು ಆರ್ ಎಂಬ ಕೂಡುಕುಟುಂಬಕ್ಕೆ ಸೇರಿಸಿಬಿಟ್ಟರು. 2004ರ ಲೇಖನದಲ್ಲಿ ಅದರ ವಿವರ ಇದೆ. ಚಿತ್ರ ಬಿಡಿಸುವುದು, ಟೇಬಲ್ ಓದುವುದು, ರಿಗ್ರೆಷನ್ ಇವೆಲ್ಲ ಆರ್‌ನಲ್ಲಿ ಆಗಲೇ ಇದ್ದವು. ಬಳಸುವವನು ನಾಲ್ಕು ಸಾಲು ಬರೆದರೆ ಸಾಕು. ಅವರ ಪ್ರಸಿದ್ಧ ಉದಾಹರಣೆ ಮ್ಯೂಸ್ ನದಿಯ ದಡದ್ದು. ನೆರೆ ಬಂದಾಗಲೆಲ್ಲ ನದಿ ಬಿಟ್ಟುಹೋದ ಮಣ್ಣಿನಲ್ಲಿ ಸತು, ಸೀಸ, ತಾಮ್ರ, ಕ್ಯಾಡ್ಮಿಯಂ ಎಷ್ಟಿದೆ ಅಂತ 155 ಜಾಗಗಳ ಅಳತೆ. ಜಗತ್ತಿನ ಎಲ್ಲ ಕಡೆ ಕ್ರಿಗಿಂಗ್ ಕಲಿಯುವ ಮಕ್ಕಳಿಗೆ ಈ 155 ಬಿಂದುಗಳೇ ಅ ಆ ಇ ಈ.

ಕೂಡುಕುಟುಂಬದಲ್ಲಿ ತಾಪತ್ರಯವೂ ಇತ್ತು. ಒಂದೊಂದು ಪ್ಯಾಕೇಜು ಜಾಗದ ಮಾಹಿತಿಯನ್ನು ಒಂದೊಂದು ತರಹ ಇಡುತ್ತಿತ್ತು. 2005ರಲ್ಲಿ ಪೆಬೆಸ್ಮಾ ಮತ್ತು ನಾರ್ವೆಯ ಬರ್ಗೆನ್‌ನಲ್ಲಿದ್ದ ರೋಜರ್ ಬಿವಾಂಡ್ 'ಎಸ್‌ಪಿ' ಅನ್ನುವ ಪ್ಯಾಕೇಜು ತಂದು ಎಲ್ಲರಿಗೂ ಒಂದೇ ಫಾರ್ಮ್ಯಾಟ್ ಕೊಟ್ಟರು. ಈ ಬಿವಾಂಡ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಕ್ಷೆ ಫೈಲ್ ಓದುವ 'ಆರ್‌ಜಿಡಾಲ್' ಮುಂತಾದ ಮೂರು ಪ್ಯಾಕೇಜುಗಳನ್ನು ಅವರು ವರ್ಷಗಟ್ಟಲೆ ನೋಡಿಕೊಂಡರು. ನೂರಾರು ಪ್ಯಾಕೇಜುಗಳು ಅವುಗಳ ಮೇಲೆ ನಿಂತಿದ್ದವು. ತಮಗೆ ನಿವೃತ್ತಿ ಹತ್ತಿರವಾದಾಗ, ಸಾಕಷ್ಟು ಮೊದಲೇ ಎಲ್ಲರಿಗೂ ತಿಳಿಸಿ, ಹೊಸ ಪ್ಯಾಕೇಜುಗಳಿಗೆ ಹೋಗಿ ಅಂತ ಬೆನ್ನು ಹತ್ತಿ ದಾಟಿಸಿ, 2023ರ ಅಕ್ಟೋಬರಿನಲ್ಲಿ ಮೂರನ್ನೂ ನಿಲ್ಲಿಸಿದರು. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಚಾರ್ಜ್ ಹ್ಯಾಂಡೋವರ್ ಅಂದರೆ ಹೀಗಿರಬೇಕು ಮಾರಾಯ್ರೆ. ನಾನು ಆ ಬ್ರಾಂಚಿನಿಂದ ಹೊರಡುವಾಗ ಕೊಟ್ಟದ್ದು ಕಪಾಟಿನ ಬೀಗದ ಕೈ ಮಾತ್ರ.

ಇದೇ ಹೊತ್ತಿಗೆ ಸ್ಟಾನ್‌ಫರ್ಡಿನಲ್ಲಿ ಬೇರೆ ದಾರಿ ಹಿಡಿದರು. ನಿಕೋಲಾ ರೆಮಿ ಮತ್ತು ಗೆಳೆಯರು ಸಿ ಪ್ಲಸ್ ಪ್ಲಸ್‌ನಲ್ಲಿ 'ಎಸ್‌ಜೆಮ್ಸ್' ಕಟ್ಟಿದರು. ಚಂದದ ಕಿಟಕಿ, ಮೂರು ಆಯಾಮದ ಚಿತ್ರ, ಮೌಸ್ ಒತ್ತಿದರೆ ಲೆಕ್ಕ. 2009ರಲ್ಲಿ ಕೇಂಬ್ರಿಜ್‌ನಿಂದ ಪುಸ್ತಕವೂ ಬಂತು. ಪಾಠ ಹೇಳಲು ಬಹಳ ಒಳ್ಳೆಯದು ಅಂತಾರೆ. ಆದರೆ ಗಣಿ ಎಂಜಿನಿಯರ್ ಒಬ್ಬ ಅದರ ಒಳಗೆ ಕೈಯಿಟ್ಟು ತಿದ್ದುವುದು ಅಂದರೆ... ಸಿ ಪ್ಲಸ್ ಪ್ಲಸ್‌ನ ಟೆಂಪ್ಲೇಟ್ ಕೋಡ್ ನಾನೂ ಒಮ್ಮೆ ತೆರೆದು ನೋಡಿದೆ. ಮುಚ್ಚಿದೆ.

ಪೈಥಾನ್ ಕಥೆ ಎಲ್ಲರಿಗೂ ಗೊತ್ತು. 1991ರಲ್ಲಿ ಗಿಡೊ ವಾನ್ ರಾಸಮ್ ಬಿಟ್ಟ ಭಾಷೆ ಈಗ ಶಾಲೆ ಮಕ್ಕಳಿಗೂ ಬರುತ್ತದೆ. ಜರ್ಮನಿಯಲ್ಲಿ 'ಜಿಎಸ್‌ಟೂಲ್ಸ್' ಬರೆದರು. ಅಮೆರಿಕದ ಟೆಕ್ಸಸ್‌ನ ಮೈಕೆಲ್ ಪರ್ಚ್ ಎಂಬ ಪ್ರೊಫೆಸರ್ ಹಳೇ ಜಿಎಸ್‌ಲಿಬ್ ಪ್ರೋಗ್ರಾಂಗಳನ್ನೇ ಪೈಥಾನಿಗೆ ತಂದರು, ಹೆಸರು 'ಜಿಯೋಸ್ಟಾಟ್ಸ್‌ಪೈ'. ಮಕ್ಕಳಿಗೆ ಫೋರ್‌ಟ್ರಾನ್ ಬರುವುದಿಲ್ಲ, ಮತ್ತೇನು ಮಾಡುವುದು. ಆದರೆ ಪೈಥಾನ್ ಸ್ವತಃ ನಿಧಾನ. ವೇಗ ಬೇಕಾದಲ್ಲಿ ಒಳಗಿನಿಂದ ಬೇರೆ ಭಾಷೆ ಕೆಲಸ ಮಾಡಬೇಕು. ಆರ್ ಕೂಡ ಹಾಗೇ. ಮೇಲೆ ಒಂದು ಭಾಷೆ, ಕೆಳಗೆ ಒಂದು. ಮೇಲಿನವನು ಕೆಳಗಿಳಿಯಲಾರ.

ಇದನ್ನೇ ಹಿಡಿದು ಜಗಳಕ್ಕೆ ಬಂದವರು ಜೂಲಿಯಾದವರು. 2012ರಲ್ಲಿ ನಾಲ್ಕು ಜನ ಈ ಭಾಷೆಯನ್ನು ಜಗತ್ತಿಗೆ ತೋರಿಸಿದರು. ಅದರಲ್ಲಿ ವೈರಲ್ ಶಾ ನಮ್ಮ ದೇಶದವರು, ಆಧಾರ್ ಯೋಜನೆಯಲ್ಲಿ ಕೆಲಸ ಮಾಡಿದವರು, 2015ರಲ್ಲಿ ನಂದನ್ ನಿಲೇಕಣಿ ಜೊತೆ 'ರೀಬೂಟಿಂಗ್ ಇಂಡಿಯಾ' ಪುಸ್ತಕ ಬರೆದವರು. ಓದಲು ಪೈಥಾನಿನಷ್ಟು ಸುಲಭ, ಓಟ ಸಿ ಹತ್ತಿರ ಅನ್ನುವುದು ಜೂಲಿಯಾದ ಹೆಮ್ಮೆ. ಬ್ರೆಜಿಲ್‌ನ ಜೂಲಿಯೊ ಹಾಫಿಮನ್ ಸ್ಟಾನ್‌ಫರ್ಡಿನಲ್ಲಿ ಓದುವಾಗ ಇದರಲ್ಲಿ 'ಜಿಯೋಸ್ಟಾಟ್ಸ್ ಜೆಎಲ್' ಬರೆದು, 2018ರಲ್ಲಿ ಅದರ ಲೇಖನ ಪ್ರಕಟಿಸಿದರು. ಮೇಲಿನಿಂದ ತಳದವರೆಗೆ ಒಂದೇ ಭಾಷೆ. ಬಳಸುವ ವಿದ್ಯಾರ್ಥಿ ತಾನೇ ಕ್ರಿಗಿಂಗ್ ಲೆಕ್ಕದ ಒಳಗೆ ಹೋಗಿ ನೋಡಬಹುದು, ತಿದ್ದಬಹುದು. ವಾದ ನನಗೆ ಬಹಳ ಹಿಡಿಸಿತು. ಮೊದಲ ಸಲ ಓಡಿಸುವಾಗ ಸುಮ್ಮನೆ ಕಾಯಿಸುತ್ತದೆ ಅನ್ನುವ ದೂರು ಬಹುದಿನ ಇತ್ತು, 2023ರ 1.9 ಆವೃತ್ತಿಯಲ್ಲಿ ಬಹಳ ಸುಧಾರಿಸಿತು.

ಒಂದು ತಮಾಷೆ ಹೇಳಲೇಬೇಕು. 1992ರಲ್ಲಿ ಬಂದ 'ಲಾಪ್ಯಾಕ್' ಅಂತ ಒಂದು ಲೈಬ್ರರಿ ಇದೆ, ಸಮೀಕರಣಗಳ ಕೋಷ್ಟಕ ಬಿಡಿಸುವುದೇ ಅದರ ಕೆಲಸ. ಬರೆದದ್ದು ಫೋರ್‌ಟ್ರಾನ್‌ನಲ್ಲಿ. ಆರ್ ಕೋಷ್ಟಕ ಬಿಡಿಸಲು ಅದನ್ನೇ ಕರೆಯುತ್ತದೆ. ಪೈಥಾನಿನ ಲೆಕ್ಕದ ಲೈಬ್ರರಿಯೂ ಅದನ್ನೇ. ಜೂಲಿಯಾವೂ! ಜಿಸ್ಟಾಟ್ ಕೂಡ ಆ ಆಸ್ಟ್ರೇಲಿಯಾದ ಮೆಷಾಕ್ ಬಿಟ್ಟು ಲಾಪ್ಯಾಕ್‌ಗೆ ಬಂತು. ಎಲ್ಲರ ಮನೆಯ ಅಟ್ಟದಲ್ಲೂ ಆ ಅಜ್ಜ ಕೂತು ಲೆಕ್ಕ ಬರೆಯುತ್ತಿದ್ದಾನೆ.

ಇಷ್ಟೆಲ್ಲ ಓದಿ ಹುಡುಗಿಗೆ ಫೋನ್ ಮಾಡಿದೆ. ವೇಗದ ಬಗ್ಗೆ ನಾನು ಏನೂ ಹೇಳಲಿಲ್ಲ, ಅವಳ ಬಾವಿಗಳು ಇನ್ನೂರು ದಾಟುವುದಿಲ್ಲ, ಯಾವ ಭಾಷೆಯಾದರೂ ಚಹಾ ಮುಗಿಸುವುದರೊಳಗೆ ಲೆಕ್ಕ ಮುಗಿಸುತ್ತದೆ. ಬ್ಯಾಂಕಿನಲ್ಲಿ ಮೇಕರ್-ಚೆಕರ್ ಅಂತ ಒಂದು ಪದ್ಧತಿ. ವೋಚರ್ ಹಾಕಿದವನೇ ಪಾಸ್ ಮಾಡುವಂತಿಲ್ಲ, ಇನ್ನೊಬ್ಬ ನೋಡಿ ಸಹಿ ಹಾಕಬೇಕು. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್‌ವರೆಗೆ ಕುಡಿಯಬಹುದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಅಂತ ನಮ್ಮ ದೇಶದ ಮಾನದಂಡ. ನಿನ್ನ ನಕ್ಷೆ ಒಂದು ಊರಿಗೆ 1.3 ಅಂದರೆ, ಪರೀಕ್ಷೆಯೇ ಆಗದ ಬಾವಿಯ ನೀರನ್ನು ಆ ಊರಿನ ಮಕ್ಕಳು ಕುಡಿಯುತ್ತಾರೆ. ಹಲ್ಲು, ಮೂಳೆ ಹಾಳಾದ ಮೇಲೆ ರಿವರ್ಸಲ್ ಎಂಟ್ರಿ ಇಲ್ಲ. ನಿನ್ನ ಲೆಕ್ಕವನ್ನು ಯಾರು ಚೆಕ್ ಮಾಡುತ್ತಾರೆ, ಅವರಿಗೆ ಯಾವ ಭಾಷೆ ಓದಲು ಬರುತ್ತದೆ? ನೀನು ಹೋದ ಮೇಲೆ ಮುಂದಿನ ವರ್ಷದ ಮಾದರಿಗಳನ್ನು ಯಾರು ಸೇರಿಸುತ್ತಾರೆ? ಇಷ್ಟು ಕೇಳಿದೆ.

ಅವಳು ಸ್ವಲ್ಪ ಯೋಚಿಸಿ, "ಗೈಡ್‌ಗೆ ಫೋರ್‌ಟ್ರಾನ್ ಬಿಟ್ರೆ ಆರ್ ಸ್ವಲ್ಪ ಬರುತ್ತೆ. ಜಿಲ್ಲೆಯ ಆಫೀಸಲ್ಲಿ ಒಬ್ರು ಆರ್ ಟ್ರೇನಿಂಗ್ ಮಾಡಿದ್ದಾರೆ. ಜೂಲಿಯಾ ಅಂದ್ರೆ ಲ್ಯಾಬಲ್ಲಿ ಆ ಒಬ್ಬನೇ, ಅವನೂ ಜೂನ್‌ಗೆ ಹೋಗ್ತಾನೆ" ಅಂದಳು.

ಆರ್ ಹಿಡಿದಳು. ಹಾಗಂತ ಜೂಲಿಯಾ ಕೆಟ್ಟದ್ದು ಅಂತಲ್ಲ, ಆ ಲ್ಯಾಬಿನಲ್ಲಿ ಓದುವವರು ಐದು ಜನ ಇದ್ದಿದ್ದರೆ ನಾನೇ ಅದನ್ನು ಹೇಳುತ್ತಿದ್ದೆ. ಹಳೇ ಫೋರ್‌ಟ್ರಾನ್ ಪ್ರೋಗ್ರಾಮನ್ನೂ ಎಸೆಯಲಿಲ್ಲ. ಒಂದೇ ಫೈಲನ್ನು ಎರಡರಲ್ಲೂ ಓಡಿಸಿ ಹೋಲಿಸಿದಳು. ಬಹುಪಾಲು ಜಾಗಗಳಲ್ಲಿ ಅಂಕಿ ಹೊಂದಿತು, ತಾಲ್ಲೂಕಿನ ಗಡಿಯ ಕೆಲವು ಕಡೆ ಹೊಂದಲಿಲ್ಲ. ಎರಡು ದಿನ ಹುಡುಕಿದ ಮೇಲೆ ಗೊತ್ತಾಯಿತು: ಹಳೆಯದರಲ್ಲಿ ಎಷ್ಟು ದೂರದ ಬಾವಿಗಳನ್ನು ಹಿಡಿಯಬೇಕು ಅನ್ನುವ ಅಂಕಿಯನ್ನು ಯಾವುದೋ ಕಾಲದಲ್ಲಿ ಯಾರೋ ಒಳಗೇ ಬರೆದುಬಿಟ್ಟಿದ್ದರು. ಗೈಡ್‌ಗೂ ಅದು ಗೊತ್ತಿರಲಿಲ್ಲ. ಅದನ್ನು ಕೇಳಿ ನನಗೆ ನನ್ನ ಎ1, ಎ2, ಬಿಬಿ ನೆನಪಾಗಿ ನಾಚಿಕೆಯಾಯಿತು.

ಈಗ ಹೊಸ ಹಟ. "ಮಾವ, ನನ್ನ ಕೋಡಿಗೆ ಚೆಕರ್ ನೀವೇ ಆಗಿ." ನಾನು ಓದಿ ಅರ್ಥವಾಗದ ಸಾಲಿಗೆಲ್ಲ ಅವಳು ವಿವರಣೆ ಬರೆಯಬೇಕಂತೆ, ಬಿ.ಕಾಂ.ನವನಿಗೆ ಅರ್ಥವಾದರೆ ಎಲ್ಲರಿಗೂ ಆಗುತ್ತದಂತೆ! ಹೊಗಳಿದಳೋ ಬೈದಳೋ ಗೊತ್ತಾಗಲಿಲ್ಲ. ಕಳೆದ ಶನಿವಾರ ಲ್ಯಾಪ್‌ಟಾಪಿಗೆ ಆರ್ ಹಾಕಿಕೊಂಡೆ. ಅವಳು ಹೇಳಿದಂತೆ ಮೊದಲು ಮ್ಯೂಸ್ ನದಿಯ ಮಾಹಿತಿ ತೆರೆದೆ. ಎಣಿಸಿ ನೋಡಿದೆ, 155 ಸರಿಯಾಗಿದೆ. ಆಮೇಲೆ ಪಾವಗಡದ ಫೈಲ್ ತೆರೆದು ಮೊದಲ ಪ್ರಶ್ನೆ ಬರೆದು ಕಳಿಸಿದ್ದೇನೆ: ಮೂರನೇ ಕಾಲಂನಲ್ಲಿ ಸೊನ್ನೆ ಇರುವ ಏಳು ಬಾವಿಗಳಲ್ಲಿ ಫ್ಲೋರೈಡ್ ಇಲ್ಲ ಅಂತಲೋ, ಅಳೆದೇ ಇಲ್ಲ ಅಂತಲೋ?

ಉತ್ತರ ಇನ್ನೂ ಬಂದಿಲ್ಲ.